ನಿಧಾನ ತಿರುಗಿದ ಚಿಕ್ಕ ಪ್ಲೇಟು

ಅವನನ್ನು ಎಲ್ಲರೂ ಮುಚ್ಚಳ ಎಂದೇ ಕರೆಯುತ್ತಿದ್ದರು. ಡಬ್ಬಿ ಕಾರ್ಖಾನೆಯಲ್ಲಿ ಪ್ರೆಸ್ ಮಿಷನ್ನಿನ ಮುಂದೆ ಕೂತು ತಗಡಿನ ಮುಚ್ಚಳ ಗುದ್ದುವುದು ಅವನ ಕೆಲಸ. ಹೆಸರಿಗೆ ಮುಚ್ಚಳ, ಬಾಯಿಗೆ ಮಾತ್ರ ಮುಚ್ಚಳವೇ ಇರಲಿಲ್ಲ. ಯೂನಿಯನ್ನಿನ ಗೇಟ್ ಮೀಟಿಂಗಿನಲ್ಲಿ ಮೈಕು ಕೈಕೊಟ್ಟರೆ ನಾವು ಅವನನ್ನು ಸ್ಟೂಲು ಹತ್ತಿಸುತ್ತಿದ್ದೆವು. ಮಿಷನ್ನಿನ ಗದ್ದಲದ ಮೇಲೆ ಕೂಗಿ ಕೂಗಿ ಬಂದ ಗಂಟಲು ಅದು. ಗಂಟಲು ಕೊಟ್ಟ ಮಿಷನ್ನೇ ಕಿವಿಯನ್ನು ತಿಂದಿತು. ಕಿವಿಗೆ ಏನಾದರೂ ಕೊಡಿ ಎಂದು ಯೂನಿಯನ್ನಿನಿಂದ ಕೇಳಿದಾಗ ಮ್ಯಾನೇಜರು ಹತ್ತಿ ಕೊಟ್ಟ. ಮುಚ್ಚಳ ಅದನ್ನು ಅವನ ಮೇಜಿನ ಮೇಲೇ ಇಟ್ಟು, "ಇದು ಹೆಣದ ಮೂಗಿಗೆ ಇಡೋದು ಸಾರ್, ನಿಮಗೇ ಬೇಕಾಗುತ್ತೆ" ಎಂದು ಹೇಳಿ ಸಸ್ಪೆಂಡ್ ಆಗಿ ಬಂದ.

ಬಲಗಿವಿ ಕಾರ್ಖಾನೆ ಮುಚ್ಚುವ ಮೊದಲೇ ಹೋಗಿತ್ತು. ಎಡಗಿವಿ ಈಚೆಗೆ ಗಂಟುಮೂಟೆ ಕಟ್ಟಿ ನಿಂತಿತ್ತು. ಡಾಕ್ಟರು ಕಿವಿಗೊಂದು ಮಿಷನ್ ಹಾಕಿ ನೋಡಿದರು. ತಗಡು ಕೆರೆದ ಸದ್ದು ಬಿಟ್ಟರೆ ಅದರಲ್ಲಿ ಇನ್ನೇನೂ ಬರಲಿಲ್ಲವಂತೆ. ನರವೇ ಸಾಯುತ್ತಿದೆ, ಇರುವಷ್ಟು ದಿನ ಕೇಳಿಸಿಕೊಳ್ಳಿ ಎಂದರಂತೆ. ಯಾರನ್ನು ಹಿಡಿದು ಕೇಳುವುದು? ಕಾರ್ಖಾನೆ ಕೆಡವಿದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ನಾವು ಯಾರ್‍ಯಾರ ಬಾಗಿಲಲ್ಲೋ ಧರಣಿ ಕೂತವರು, ಆದರೆ ಕಾರುಗಳ ಮುಂದೆ ಕೂತು ಏನಂತ ಕೂಗುವುದು?

ಮುಚ್ಚಳನಿಗೆ ಪರಿಹಾರ ಬೇಕಿರಲಿಲ್ಲ, ಒಂದು ಹಾಡು ಬೇಕಿತ್ತು. ಕಿವಿ ಪೂರ್ತಿ ಹೋಗುವ ಮೊದಲು ಅದೊಂದನ್ನು ಕೇಳಿಸಿಬಿಡ್ರೋ ಎಂದು ಸಿಕ್ಕಾಗಲೆಲ್ಲ ನನಗೂ ಯೂನಿಯನ್ನಿನ ಹಳೇ ಗೆಳೆಯ ಟೈಲರಿಗೂ ದುಂಬಾಲು ಬೀಳುತ್ತಿದ್ದ.

ನಾಲ್ಕು ಚಕ್ರ ಎಂಬ ಬ್ಯಾಂಡು ನಮ್ಮ ಪ್ರಾಯದ ಹುಚ್ಚು. ಗಿಟಾರು, ಡ್ರಮ್ಮು, ಹೆಗಲವರೆಗೆ ಕೂದಲು. ಅವರ ದೊಡ್ಡ ಹಾಡುಗಳು ಈಗಲೂ ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ ಕೇಳುತ್ತವೆ. ಇದು ಮಾತ್ರ ಎಲ್ಲಿಯೂ ಕೇಳುವುದಿಲ್ಲ. ಒಂದು ಬದಿಗೆ ಒಂದೇ ಹಾಡಿನ ಚಿಕ್ಕ ಗ್ರಾಮಫೋನ್ ಪ್ಲೇಟಾಗಿ ಬಂದು, ಮಾರಾಟವಾಗದೆ, ಮುಂದೆ ಯಾವ ಸಂಗ್ರಹಕ್ಕೂ ಸೇರದೆ ಹೋದ ಹಾಡು. ಅಂಗಡಿಯವನು ದೊಡ್ಡ ಪ್ಲೇಟುಗಳ ಜೊತೆ ಇದನ್ನು ಪುಕ್ಕಟೆ ಕೊಟ್ಟಿದ್ದ. ಯೂನಿಯನ್ ಆಫೀಸಿನ ಹಳೇ ಪ್ಲೇಯರಿನಲ್ಲಿ ಹಾಕಿದರೆ, ಮೆಟ್ಟಿಲ ಮೇಲೆ ಮೂಟೆ ಹೊತ್ತು ಹತ್ತುವವನಂತೆ ಎಳೆದೆಳೆದು ಬರುತ್ತಿತ್ತು. "ಹೋಗೋದಾದ್ರೆ ಹೋಗು, ದೀಪ ಆರಿಸಬೇಡ" ಎಂಬುದು ಅದರ ಪಲ್ಲವಿ. ಅಂಥ ದಪ್ಪ ದನಿ ಆ ಬ್ಯಾಂಡಿನ ಬೇರೆ ಯಾವ ಹಾಡಿನಲ್ಲೂ ಇಲ್ಲ. ಹಾಡುಗಾರ ಕುಡಿದು ಬಿದ್ದಿದ್ದನೆಂದೂ ಅವತ್ತು ಡ್ರಮ್ಮಿನವನೇ ಹಾಡಿದನೆಂದೂ ಟೈಲರ್ ಆಣೆ ಮಾಡಿ ಹೇಳುತ್ತಿದ್ದ. ಪ್ರೆಸ್ಸಿಗೆ ಸಿಕ್ಕಿ ಸತ್ತ ನಮ್ಮವನೊಬ್ಬನ ಹೆಣದ ಹಿಂದೆ ಕಾರ್ಖಾನೆ ಗೇಟಿನಿಂದ ಸುಡುಗಾಡಿನವರೆಗೆ ಅದನ್ನೇ ಹಾಡಿಕೊಂಡು ನಡೆದಿದ್ದೆವು. ಮುಂದೆ ಆಫೀಸು ಖಾಲಿ ಮಾಡಿಸಿದಾಗ ಪ್ಲೇಟು ಪೊಲೀಸರ ಬೂಟಿನಡಿ ಚೂರಾಯಿತು. ಈಗಿನ ಅಭಿಮಾನಿಗಳಿಗೆ ಹೇಳಿದರೆ, ಅಂಥ ಹಾಡೇ ಇಲ್ಲ, ಮುದುಕರು ಕಟ್ಟಿದ ಕಥೆ ಎಂದು ನಗುತ್ತಾರೆ.

ಕೊನೆಗೆ ಗುಜರಿ ಅಂಗಡಿಯೊಂದರಲ್ಲಿ ಪ್ಲೇಟು ಟೈಲರನ ಕಣ್ಣಿಗೆ ಬಿತ್ತು. ಅವನು ಅಳಿಯನ ಹೊಸ ಪ್ಲೇಯರನ್ನೂ ಸ್ಪೀಕರನ್ನೂ ಕಂಕುಳಲ್ಲಿ ಇರುಕಿಕೊಂಡು ತಂದ. ಮಧ್ಯಾಹ್ನ ಮುಚ್ಚಳನ ಒಂದೇ ಕೋಣೆಯ ಮನೆಯಲ್ಲಿ ಸೇರಿದೆವು. ಒಣಗಿದ ಬಟ್ಟೆಯನ್ನು ಅವನ ಹೆಂಡತಿ, ನಮ್ಮ ಅತ್ತಿಗೆ, ಮಂಚದಿಂದ ಸರಿಸಿ ಜಾಗ ಮಾಡಿಕೊಟ್ಟರು. ಮುಚ್ಚಳ ತಲೆ ಬಾಚಿಕೊಂಡು ಬಂದು ಎಡಗಿವಿಯನ್ನು ಸ್ಪೀಕರಿಗೆ ಕೊಟ್ಟು ಕೂತ.

ಸೂಜಿ ಇಟ್ಟದ್ದೇ ತಡ, ಬ್ರೇಕು ಕಿತ್ತ ಲಾರಿಯಂತೆ ಒಂದು ಹಾಡು ನುಗ್ಗಿತು. ಚಪ್ಪಾಳೆ, ಸಿಳ್ಳೆ, ಕೀಚಲು ದನಿ. ಮಾತು ಅದೇ, ಹಾಡು ಮಾತ್ರ ಬೇರೆ.

"ಯಾವನೋ ಇವನು, ಬಾಲಕ್ಕೆ ಬೆಂಕಿ ಬಿದ್ದೋನ ಥರಾ ಕೂಗ್ತಾನೆ?" ಎಂದ ಟೈಲರ್.

ಪ್ಲೇಯರಿನ ಪಕ್ಕದ ವೇಗದ ಗುಂಡಿ ನೋಡಿದ ಮೇಲೆ ನನ್ನ ತಲೆಗೆ ಹೊಳೆಯಿತು. ದೊಡ್ಡ ಪ್ಲೇಟು ನಿಧಾನ ತಿರುಗಬೇಕು, ಚಿಕ್ಕದು ಜೋರಾಗಿ. ನಮ್ಮ ಆಫೀಸಿನ ಪ್ಲೇಯರಿಗೆ ಜೋರು ಎಂಬುದೇ ಗೊತ್ತಿರಲಿಲ್ಲ. ಗುಂಡಿ ಮುರಿದು ನಿಧಾನಕ್ಕೇ ಕಚ್ಚಿಕೊಂಡಿತ್ತು. ಡ್ರಮ್ಮಿನವನೂ ಹಾಡಿರಲಿಲ್ಲ, ಯಾರೂ ಕುಡಿದೂ ಬಿದ್ದಿರಲಿಲ್ಲ.

"ಹಂಗಾದ್ರೆ ಅವತ್ತು ಹೆಣದ ಹಿಂದೆ ನಾವು ಕುಣಿಯೋ ಹಾಡು ಹಾಡಿದ್ವಾ?" ಎಂದ ಟೈಲರ್. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತಿಗೆಯೂ ಸೆರಗು ಬಾಯಿಗಿಟ್ಟುಕೊಂಡರು. ನಮ್ಮ ಮುಖಗಳನ್ನು ನೋಡಿ ಮುಚ್ಚಳನೂ ನಕ್ಕ.

ಟೈಲರ್ ಗುಂಡಿಯನ್ನು ನಿಧಾನದ ಕಡೆಗೆ ತಿರುಗಿಸಿ ಸೂಜಿಯನ್ನು ಮತ್ತೆ ಮೊದಲಿಗಿಟ್ಟ. ಈಗ ಬಂತು ನಮ್ಮ ಹಾಡು. ಅದೇ ಮೂಟೆ, ಅದೇ ಮೆಟ್ಟಿಲು. ನಗು ನಿಂತಿತು. ತಪ್ಪೋ ಸರಿಯೋ, ನಮಗೆ ಗೊತ್ತಿದ್ದದ್ದು ಇದೇ. ಮುಚ್ಚಳನ ಕಡೆ ತಿರುಗಿದೆ. ಅವನು ಪ್ಲೇಟನ್ನೇ ದಿಟ್ಟಿಸುತ್ತಿದ್ದ.

"ತಿರುಗ್ತಾ ಇದೆ, ಸದ್ದು ಬರ್ತಿಲ್ಲ. ವೈರ್ ನೋಡ್ರೋ," ಎಂದ.

ಆಗ ಹಾಡು ಮೊದಲ ಚರಣದ ನಡುವಿತ್ತು. ಟೈಲರ್ ಸದ್ದು ಏರಿಸಿದ. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು. ಮುಚ್ಚಳ ಕಾಯುತ್ತಲೇ ಇದ್ದ.

ಅತ್ತಿಗೆ ಅವನಿಗೆ ಬೆನ್ನು ಮಾಡಿ ನಿಂತರು. "ಆ ಕಿವೀನೂ ಹೋಗಿ ಎಷ್ಟು ದಿನ ಆಯ್ತೋ ಅಣ್ಣ. ನಾನು ಕಿವಿ ಹತ್ರ ಕೂಗಿದ್ರೆ ತಿರುಗಿ ನನ್ನ ಬಾಯಿ ನೋಡೋರು. ಕೇಳಿಸ್ತಿದೆ ಅಂದ್ಕೊಂಡೆ." ಆಮೇಲೆ ದನಿ ಇಳಿಸಿ, ಯಾಕೆ ಇಳಿಸಿದರೋ, "ಮಿಷನ್ ಕೆಟ್ಟಿದೆ ಅಂತ ಹೇಳಿಬಿಡಿ" ಎಂದರು.

ನಾನು ಕೈಯಾಡಿಸಿ ಕೆಟ್ಟಿದೆ ಎಂದೆ. ಜೀವಮಾನವಿಡೀ ಮಿಷನ್ನಿನ ಜೊತೆ ಬಾಳಿದವನಿಗೆ ಹೇಳಬಾರದ ಸುಳ್ಳು ಅದೊಂದೇ. "ಸರಿ, ಈಚೆ ಕೊಡಿ, ನೋಡೋಣ" ಎಂದು ಮುಚ್ಚಳ ಮುಂದೆ ಬಾಗಿದ. ಹಿಂದಿನ ವೈರು ಅಲ್ಲಾಡಿಸಿ ನೋಡಿದ, ಭದ್ರವಾಗಿತ್ತು. ಸ್ಪೀಕರಿನ ಮುಂದಿನ ಬಟ್ಟೆಯ ಚೌಕಟ್ಟನ್ನು ಉಗುರಿನಿಂದ ಎಬ್ಬಿಸಿದ. ಅಳಿಯನ ಸಾಮಾನು ಎಂದು ಟೈಲರ್ ಬಾಯಿ ತೆರೆದವನು ಮುಚ್ಚಿಕೊಂಡ. ಮುಚ್ಚಳ ಒಳಗೆ ನಡುಗುತ್ತಿದ್ದ ಕಪ್ಪು ಕಾಗದದ ಮೇಲೆ ಒಂದು ಬೆರಳಿಟ್ಟ.

ಬೆರಳು ಅಲ್ಲೇ ನಿಂತಿತು. ಒಬ್ಬೊಬ್ಬರ ಮುಖವನ್ನೂ ನೋಡಿದ.

"ಇದು ಹಾಡ್ತಾ ಇದೆಯಲ್ಲೋ," ಎಂದ.

ನಾನು ಹೌದೆಂದು ತಲೆಯಾಡಿಸಿದೆ.

"ಎಲ್ಲಿಗೆ ಬಂತು?" ಎಂದು ಕೇಳಿದ.

ಟೈಲರ್ ಎರಡು ಬೆರಳು ಎತ್ತಿದ. ಎರಡನೇ ಚರಣ. ಮುಚ್ಚಳ ತಲೆಯಾಡಿಸಿ, ಬೆರಳು ತೆಗೆಯದೆಯೇ, ಗೇಟಿನ ಮುಂದೆ ಕೂಗುತ್ತಿದ್ದ ಅದೇ ಗಂಟಲಲ್ಲಿ ಹಾಡತೊಡಗಿದ. ಡ್ರಮ್ಮು ಒಂದು ದಾರಿ, ಅವನು ಒಂದು ದಾರಿ. ಪ್ಲೇಟಿನವನು ಮುಂದೆ ಹೋಗಿ ಮುಗಿಸಿದ. ಕಾಗದ ನಡುಗುವುದು ನಿಂತದ್ದು ಬೆರಳಿಗೆ ತಿಳಿಯಿತೋ ಏನೋ, ಮುಚ್ಚಳ ಸಾಲಿನ ಅರ್ಧಕ್ಕೇ ಬಾಯಿ ಮುಚ್ಚಿದ.