ಮಾವ ಓಡಿಸಿದ ಆನೆ

ನನ್ನ ಮಾವ ಸತ್ತಾಗ ಒಂದು ಟ್ರಂಕ್ ತುಂಬ ಡೈರಿ ಬಿಟ್ಟುಹೋದರು. ಎಲ್ಲವೂ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟವು. ಹಾನುಬಾಳಿನ ಸುತ್ತಮುತ್ತ ಆ ಡೈರಿಗಳಿಗೆ ದೇವರಿಗಿಲ್ಲದ ಮರ್ಯಾದೆ. ಬೇಲಿ ಜಗಳವಾಗಲಿ, ಯಾವ ವರ್ಷ ಕಾಫಿ ಅರಳಿಸುವ ಹೂಮಳೆ ತಡವಾಯಿತು ಎನ್ನುವ ಚರ್ಚೆಯಾಗಲಿ, "ತಡೀರಿ, ಯಜಮಾನ್ರ ಡೈರೀಲಿ ಐತೆ" ಎಂದು ಜನ ಜಗುಲಿಗೆ ಬಂದು ಕೂರುತ್ತಿದ್ದರು. ಮಾವ ಕನ್ನಡಕ ಏರಿಸಿ, ತೀರ್ಪು ಕೊಡುವವರ ಗತ್ತಿನಲ್ಲಿ ಓದುತ್ತಿದ್ದರು. ತೊಂಬತ್ತೈದರಲ್ಲಿ ಸೊಸೆಯಾಗಿ ಬಂದ ನಾನೂ ನಂಬಿದ್ದೆ. ಬಿ.ಎ. ಓದಿದ ಪೆದ್ದಿ.

ಮಾವ ಸತ್ತ ವರ್ಷಕ್ಕೆ ಮಾಡುವ ಶಿವಗಣಾರಾಧನೆ ಹತ್ತಿರ ಬಂದಾಗ ನನ್ನ ಗಂಡನ ಅಣ್ಣನಿಗೆ ಅಪ್ಪನ ನೆನಪಿಗೊಂದು ಪುಸ್ತಕ ಮಾಡಿಸುವ ಹುಕಿ ಬಂತು. "ನಿನ್ ಅಕ್ಷರ ಚೆನ್ನಾಗೈತೆ ಕಣಮ್ಮ. ಅಪ್ಪಾಜಿ ಡೈರೀಲಿ ಒಳ್ಳೊಳ್ಳೆ ವಿಚಾರ ಇರೋವು ಆರಿಸಿ ಬರ್ಕೊಡು" ಎಂದರು ಭಾವ.

ಎರಡು ವಾರ ಮಧ್ಯಾಹ್ನವೆಲ್ಲ ಕೂತು ಓದಿದೆ. ಒಳ್ಳೆಯ ವಿಚಾರ ಹುಡುಕಿ ಹುಡುಕಿ ಕಣ್ಣು ಸೋತಿತು. ಮಳೆ ಒಂದು ಇಂಚು ಹತ್ತು ಸೆಂಟ್. ಕಡುಬು ಗಟ್ಟಿ. ಬೆಳಿಗ್ಗೆ ಹೊಟ್ಟೆ ಸರಿಹೋಗಲಿಲ್ಲ, ಮಧ್ಯಾಹ್ನ ಹೋಯಿತು. ಬೀಗರು ಬಂದರು, ಎರಡೆರಡು ಸಲ ಕಾಫಿ ಕುಡಿದರು. ಮಳೆ ಮತ್ತು ತಮ್ಮ ಹೊಟ್ಟೆ, ಇವೆರಡನ್ನು ಬಿಟ್ಟರೆ ಆ ಮನುಷ್ಯನ ಪಾಲಿಗೆ ಲೋಕದಲ್ಲಿ ಇನ್ನೇನೂ ನಡೆದಿರಲಿಲ್ಲ. ನನ್ನ ಮಗಳು ಸಕಲೇಶಪುರದ ಆಸ್ಪತ್ರೆಯಲ್ಲಿ ಹುಟ್ಟಿದ ದಿನದ ಪುಟ ತೆಗೆದೆ. "ಜೀಪು ಸಕಲೇಶಪುರಕ್ಕೆ ಹೋದದ್ದು ಸಂಜೆಯಾದರೂ ಬರಲಿಲ್ಲ. ತೊಂದರೆ." ಅಷ್ಟೇ. ಅತ್ತೆ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡ ದಿನ ಅದೂ ಇಲ್ಲ: "ತಿಂಡಿ ತಡ."

ಆಮೇಲೆ ಆನೆ ಬಂದ ದಿನ ಸಿಕ್ಕಿತು.

ನಾನು ಆ ಮನೆಗೆ ಬಂದ ಮೂರನೇ ವರ್ಷ ನಡೆದದ್ದದು. ಬೆಳಿಗ್ಗೆ ಹಿತ್ತಲಿಗೆ ಒಂಟಿ ಸಲಗ ನುಗ್ಗಿ ಬಾಳೆ ಮುರಿಯುತ್ತಿತ್ತು. ಹಲ್ಲುಜ್ಜುತ್ತಿದ್ದ ಮಾವ ಬಾಯಿ ಕೂಡ ಮುಕ್ಕಳಿಸದೆ ಅಟ್ಟ ಹತ್ತಿದರು. ಅತ್ತೆ, ಮತ್ತೆ ನಮ್ಮ ಕೆಲಸಕ್ಕೆ ಬರುತ್ತಿದ್ದ ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳು, ಇಬ್ಬರೂ ಒಲೆಯ ಕೊಳ್ಳಿ ಹಿಡಿದು, ಡಬ್ಬ ಬಡಿದು, ಗಂಟಲು ಹರಿಯುವಂತೆ ಕೂಗಿ ಅದನ್ನು ತೋಟದಾಚೆ ಅಟ್ಟಿದರು. ನಾನು ಕಿಟಕಿಯಲ್ಲಿ ನಿಂತು ಕಣ್ಣಾರೆ ಕಂಡಿದ್ದೆ. ಡೈರಿಯಲ್ಲಿ ಇದ್ದದ್ದು ಹೀಗೆ: "ಹಿತ್ತಲಿಗೆ ಕಾಡಾನೆ ಬಂತು. ಓಡಿಸಿದೆ. ಬಾಳೆ ನಷ್ಟ. ಹೆಂಗಸರು ವೃಥಾ ಗಲಾಟೆ ಮಾಡಿದರು."

ಹುರುಳಿ ಕೇರುತ್ತಿದ್ದ ಅತ್ತೆಗೆ ಓದಿ ಹೇಳಿದೆ.

"ಇನ್ನೊಂದ್ಸಲ ಓದವ್ವ" ಎಂದರು. ಓದಿದೆ.

"ಓಡಿಸ್ದೆ ಅಂತ ಬರ್ಕೊಂಡವ್ರಾ? ಅಟ್ಟಕ್ಕೆ ಏಣಿ ಹಿಡ್ದೋಳು ನಾನು ಕಣವ್ವ. ಅವ್ರ ಕಾಲ್ ನಡುಗಿದ್ದಕ್ಕೆ ಏಣೀನೇ ಅಲ್ಲಾಡ್ತಿತ್ತು."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಮೊರದಲ್ಲಿ ಎಷ್ಟು ಜೋರಾಗಿ ಕೇರಿದರೆಂದರೆ ಹೊಟ್ಟಿನ ಜೊತೆ ಕಾಳೂ ಹಾರಿತು.

ಆ ಪುಟವನ್ನು ಇದ್ದ ಹಾಗೇ ನಕಲು ಮಾಡಿ, ಕೆಳಗೆ ನಡೆದದ್ದನ್ನೂ ಬರೆದು ಭಾವನಿಗೆ ಕೊಟ್ಟೆ. "ಸತ್ತೋರ ಮಾನ ತೆಗಿಯಕ್ ಹೊರಟಿದ್ಯಾ?" ಎಂದು ನನ್ನ ಸಾಲುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಹಾಸನದಲ್ಲಿ ಅಚ್ಚಾಗಿ ಬಂದ ಪುಸ್ತಕದಲ್ಲಿ ಆ ಪುಟಕ್ಕೆ "ಎದೆಗಾರಿಕೆ" ಎಂಬ ತಲೆಬರಹ ಬೇರೆ.

ಆರಾಧನೆಯ ದಿನ ರಿಟೈರಾದ ಮೇಷ್ಟ್ರೊಬ್ಬರು ಶಾಮಿಯಾನದಡಿ ನಿಂತು ಅದನ್ನೇ ಗದ್ಗದವಾಗಿ ಓದಿದರು. ಹಿಂದಿನ ಸಾಲಿನಿಂದ ಆ ಲೈನಿನ ಹೆಂಗಸಿನ ದನಿ ಕೇಳಿತು: "ಅಯ್ಯ, ಅವತ್ತು ಡಬ್ಬ ಬಡ್ದಿದ್ದು ನಾನೂ ಅಮ್ಮಾರೂ ಅಲ್ವಾ? ಯಜಮಾನ್ರು ಅಟ್ಟದ್ ಮ್ಯಾಲಿದ್ರು!"

ಒಂದಿಬ್ಬರು ಕಿಸಕ್ಕನೆ ನಕ್ಕರು. ಭಾವ ತಿರುಗಿ ದುರುಗುಟ್ಟಿದರು. "ಏಯ್, ಸುಮ್ಕಿರಮ್ಮಿ" ಎಂದು ಯಾರೋ ಗದರಿದರು. ಅವಳು ಸಾಕ್ಷಿಗೆ ನನ್ನ ಮುಖ ನೋಡಿದಳು. ನಾನು ಹಂಚಬೇಕಾಗಿದ್ದ ಪುಸ್ತಕಗಳ ಕಟ್ಟು ಅವುಚಿಕೊಂಡು ನೆಲ ನೋಡಿದೆ. ಮಾವನನ್ನು ಇಷ್ಟು ಹೀನಾಯವಾಗಿ ಬರೆಯುತ್ತಿರುವ ನಾನು ಅವತ್ತು ಮಾಡಿದ್ದು ಇಷ್ಟೇ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಾತಾಡಿದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ. ನಾಲ್ಕು ಜನರೆದುರು ಎಂದೂ ಬಾಯಿ ತೆರೆಯದಿದ್ದವರು ಹಿಂದೆ ತಿರುಗದೆ, ದನಿಯನ್ನೂ ಏರಿಸದೆ, "ಅವ್ಳು ಹೇಳಿದ್ದು ದಿಟ" ಎಂದರು. ಆಮೇಲೆ, "ಮುಂದುಕ್ಕೆ ಓದಿ ಮೇಷ್ಟ್ರೇ" ಎಂದರು.

ಮೇಷ್ಟ್ರು ಕೆಮ್ಮಿ ಪುಟ ತಿರುವಿದರು. ಆ ಪುಟದಲ್ಲಿ ಬರೀ ಮಳೆ ಇತ್ತು.

ಈಗಲೂ ನೆಂಟರು ಬಂದರೆ ಭಾವ ಆ ಪುಸ್ತಕ ಕೈಗಿಡುತ್ತಾರೆ. ಕಾಫಿ ಕೊಡುವಾಗ ನಾನು, "ಆನೆ ಓಡಿಸಿದ್ದು ಅತ್ತೆ, ಮತ್ತೆ ಲೈನಿನ ಹೆಂಗಸು. ಆ ಪುಟ ಸುಳ್ಳು" ಎನ್ನುತ್ತೇನೆ. ಬಂದವರು ನಾನು ತಮಾಷೆ ಮಾಡುತ್ತಿದ್ದೇನೆಂದು ನಕ್ಕು ಕಾಫಿ ಹೀರುತ್ತಾರೆ.