ತಮ್ಮನ ಕ್ಷೇತ್ರ, ಅಕ್ಕನ ಮಂಚ

ಸ್ಟಾಂಬೋ ಮನೆತನದ ಆರ್ಫಾ ಹುಟ್ಟಿದ ಮನೆಯಲ್ಲೇ ಬೆಳೆದಳು, ಗಂಡನನ್ನೂ ಆ ಮನೆಗೇ ಕರೆತಂದಳು, ಕೊನೆಗೆ ಅವನನ್ನು ಸ್ಮಶಾನಕ್ಕೆ ಕಳಿಸಿಕೊಟ್ಟದ್ದೂ ಅಲ್ಲಿಂದಲೇ. ಪೆನ್ಸಿಲ್ವೇನಿಯಾದ ಸ್ಟೋವರ್‌ಟೌನ್ ಬಿಟ್ಟು ಅವಳು ದೂರ ಹೋದದ್ದು ಒಮ್ಮೆ ಸಮುದ್ರ ನೋಡಲು, ಒಮ್ಮೆ ಹಲ್ಲು ಕೀಳಿಸಲು. ಎರಡೂ ಅವಳಿಗೆ ಹಿಡಿಸಲಿಲ್ಲ. ಇಷ್ಟಾದರೂ ವಾಷಿಂಗ್ಟನ್ನಿನವರ ಲೆಕ್ಕದಲ್ಲಿ ಅವಳು ನಾಲ್ಕು ಕ್ಷೇತ್ರಗಳನ್ನು ಸುತ್ತಿ ಬಂದಿದ್ದಳು. ಅವಳು ಕೂತಲ್ಲೇ ಕೂತಿದ್ದಳು. ಕ್ಷೇತ್ರವೇ ಎದ್ದು ಓಡಾಡುತ್ತಿತ್ತು.

ಕಾಂಗ್ರೆಸ್ಸಿಗೆ, ಎಂದರೆ ವಾಷಿಂಗ್ಟನ್ನಿನ ಸಂಸತ್ತಿಗೆ, ಒಬ್ಬನನ್ನು ಆರಿಸಿ ಕಳಿಸುವ ಕ್ಷೇತ್ರಗಳ ಹಣೆಬರಹವೇ ಅಷ್ಟು. ಹತ್ತು ವರ್ಷಕ್ಕೊಮ್ಮೆ ಜನರ ತಲೆ ಎಣಿಸುತ್ತಾರೆ. ಎಣಿಸಿದ ಮೇಲೆ ರಾಜ್ಯದ ರಾಜಧಾನಿಯಲ್ಲಿ ಕೂತವರು ಗೆರೆ ಎಳೆಯುತ್ತಾರೆ. ಗೆರೆ ಸೊಟ್ಟಗಿದೆ ಎಂದು ಯಾರೋ ಕೋರ್ಟಿಗೆ ಹೋಗುತ್ತಾರೆ, ಕೋರ್ಟು ಇನ್ನೊಂದು ಸೊಟ್ಟ ಗೆರೆ ಎಳೆದು ಕೊಡುತ್ತದೆ. ಆರ್ಫಾ ಹುಟ್ಟಿದಾಗ ಕ್ಷೇತ್ರ ದೋಸೆಯ ಹಾಗೆ ದುಂಡಗಿತ್ತಂತೆ. ಅವಳ ಮದುವೆಯ ಹೊತ್ತಿಗೆ ಅದಕ್ಕೆ ಬಾಲ ಬಂತು. ಇಟ್ಟಿಗೆ ಭಟ್ಟಿಗಳು ಮುಚ್ಚಿ ಜನ ಗುಳೆ ಎದ್ದ ಮೇಲೆ ರಾಜ್ಯದ ಸೀಟುಗಳು ಕಡಿಮೆಯಾದವು, ಉಳಿದ ಕ್ಷೇತ್ರಗಳು ಪಕ್ಕದವನ್ನು ನುಂಗಿ ಉಬ್ಬಿದವು. ಈಗಿನದು ಭೂಪಟದಲ್ಲಿ ಕಾಲುಚೀಲ ನುಂಗಿದ ಬಾತುಕೋಳಿಯ ಹಾಗಿದೆ ಎಂಬ ವಿಷಯದಲ್ಲಿ ಮಾತ್ರ ಊರಿನ ಎರಡೂ ಪಕ್ಷದವರಿಗೆ ಒಮ್ಮತವಿತ್ತು.

ಬಾತುಕೋಳಿಯ ಹೊಟ್ಟೆಯಲ್ಲಿ ಹಳೆಯ ಭಟ್ಟಿಗಳ ಜರ್ಮನ್ ಮತ್ತು ಸ್ಲೊವಾಕ್ ಮನೆತನಗಳಿದ್ದವು. ರೆಕ್ಕೆಯಲ್ಲಿ ಮೋಟಾರು ಮುಟ್ಟದೆ ಕುದುರೆಗಾಡಿ ಓಡಿಸುವ ಆಮಿಷ್ ಪಂಥದ ರೈತರು. ಅವರಲ್ಲಿ ಓಟು ಹಾಕುವವರು ಅಪರೂಪ. ಕತ್ತಿನಲ್ಲಿ ಕೋಳಿ ಕಾರ್ಖಾನೆಗೆಂದು ಗ್ವಾಟೆಮಾಲಾದಿಂದ ಬಂದವರು. ಹೆದ್ದಾರಿಯಷ್ಟೇ ಅಗಲದ ಒಂದು ಪಟ್ಟಿ ಹಿಡಿದು ಹೋದರೆ ಕೊಕ್ಕಿನ ತುದಿಯಲ್ಲಿ ಕಾಲೇಜಿನ ಊರು, ಅಲ್ಲಿ ಪ್ರೊಫೆಸರುಗಳು. ಬಾಲದಲ್ಲಿ ಒಂದು ದೊಡ್ಡ ಜೈಲು. ಜೈಲಿನವರು ತಲೆ ಎಣಿಕೆಗೆ ಬೇಕು, ಓಟಿಗೆ ಬೇಡ. “ಅವರಷ್ಟು ನಿಯತ್ತಾಗಿ ಕ್ಷೇತ್ರ ಬಿಟ್ಟು ಕದಲದೆ ಇರೋರು ಇನ್ಯಾರಿದ್ದಾರೆ?” ಎಂದು ಆರ್ಫಾ ಕೇಳುತ್ತಿದ್ದಳು.

ಇಂಥ ಕ್ಷೇತ್ರದಿಂದ ಕಾಂಗ್ರೆಸ್ಸಿಗೆ ನಿಲ್ಲುತ್ತೇನೆಂದು ಹೊರಟವನು ಆರ್ಫಾಳ ಒಬ್ಬನೇ ತಮ್ಮ ಡೆಲ್ಮರ್. ಅವನು ಬದುಕಿಡೀ ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸಿನಲ್ಲಿ ಮಕ್ಕಳು ಇಳಿದು ಓಡುವಂತಿರಲಿಲ್ಲವಾದ್ದರಿಂದ ಎದುರಿಗಿದ್ದವರೆಲ್ಲ ತನ್ನ ಮಾತು ಕೇಳಿಯೇ ಕೇಳುತ್ತಾರೆಂಬ ಭ್ರಮೆ ಅವನಿಗೆ ಬೆಳೆದುಬಿಟ್ಟಿತ್ತು. ಯಾವ ಪಕ್ಷವೂ ಅವನನ್ನು ಹತ್ತಿರ ಸೇರಿಸಲಿಲ್ಲ. ಸ್ವತಂತ್ರನಾಗಿ ನಿಲ್ಲಲು ಬೇಕಾದ ಸಹಿಗಳು ಮಾತ್ರ ಸುಲಭವಾಗಿ ಸಿಕ್ಕವು. ಸಹಿ ಹಾಕಿದರೆ ಇವನು ಮಾತು ನಿಲ್ಲಿಸಿ ಮುಂದಿನ ಮನೆಗೆ ಹೋಗುತ್ತಾನೆಂದು ಜನ ಕಂಡುಕೊಂಡಿದ್ದರು. ಅವನು ತನ್ನ ಟ್ರಕ್ಕಿನ ಬದಿಗೆ ಬಾತುಕೋಳಿಯ ಚಿತ್ರ ತಾನೇ ಬರೆದು, ಅದರ ಹೃದಯವಿರುವ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟು, ಪಕ್ಕದಲ್ಲಿ “ಡೆಲ್ಮರ್ ಮನೆ” ಎಂದು ಬರೆದಿದ್ದ. ಅವನ ಭರವಸೆ ಒಂದೇ: ಗೆದ್ದರೆ ಗೆರೆ ನೆಟ್ಟಗೆ ಮಾಡಿಸುತ್ತೇನೆ.

ಇದನ್ನೆಲ್ಲ ಆರ್ಫಾ ಸಹಿಸಿಕೊಂಡಿದ್ದಳು. ತಮ್ಮನೆಂದ ಮೇಲೆ ಸಹಿಸಿಕೊಳ್ಳಬೇಕಲ್ಲ. ಆದರೆ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಊರವರ ಊಟ ನಡೆದ ದಿನ ಅವನು ಎಲ್ಲೆ ಮೀರಿದ.

ಆ ಊಟಕ್ಕೆ ಬೀನ್ಸ್ ಮತ್ತು ಹಂದಿಮಾಂಸದ ಸೂಪ್ ಮಾಡುವವಳು ಆರ್ಫಾ. ಶಾಲೆಯ ಅಡುಗೆಮನೆಯಲ್ಲಿ ದುಡಿದ ಕೈ ಅದು. ಸೂಪ್ ಸ್ವಲ್ಪ ನೀರಾಗಿರುತ್ತಿತ್ತು ಎಂಬುದು ನಿಜ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಗಂಡು ಊರಲ್ಲಿ ಹುಟ್ಟಿರಲಿಲ್ಲ. ಡೆಲ್ಮರ್ ಕುರ್ಚಿಯ ಮೇಲೆ ಹತ್ತಿ ನಿಂತು ಬಟ್ಟಲನ್ನು ಎತ್ತಿ ಹಿಡಿದ.

“ಈ ವಾಷಿಂಗ್ಟನ್ ಇದೆಯಲ್ಲಾ, ಅದು ನಮ್ಮಕ್ಕನ ಸೂಪ್ ಇದ್ದ ಹಾಗೆ ಕಣ್ರಪ್ಪಾ. ಎಷ್ಟು ಕಲಕಿದ್ರೂ ತಳದಿಂದ ಏನೂ ಮೇಲಕ್ಕೆ ಬರಲ್ಲ!”

ಸಭಾಂಗಣ ಬಿದ್ದುಬಿದ್ದು ನಕ್ಕಿತು. ಪಾದ್ರಿಗಳೂ ನಕ್ಕರು, ಅದೂ ಎರಡನೇ ಬಟ್ಟಲು ಕೈಯಲ್ಲಿ ಹಿಡಿದುಕೊಂಡು. ಆರ್ಫಾ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದಳು.

“ಲೋ ಡೆಲ್ಮರ್, ನಿನ್ನ ವಿರುದ್ಧ ಬೀಳೋ ಮೊದಲನೇ ಓಟು ನಂದು ಕಣೋ.”

“ಒಂದು ಓಟಿಂದ ಏನಾಗ್ಬಿಡುತ್ತಕ್ಕಾ?”

“ನಿನಗೆ ಬೀಳೋದೆಷ್ಟು ಅಂತ ನೋಡ್ಕೊಂಡು ಮಾತಾಡು.”

ಆಡಿದ ಮೇಲೆ ಮಾತು ಉಳಿಸಿಕೊಳ್ಳಬೇಕು. ಆರ್ಫಾ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ತಮ್ಮನ ವಿರುದ್ಧ ಓಟು ಹಾಕುವುದು ಅವಳ ಪಾಲಿಗೆ ಈಗ ಮಾನದ ಪ್ರಶ್ನೆಯಾಯಿತು. ಆಗಲೇ ಹೊಸ ಗೆರೆಯ ಸುದ್ದಿ ಬಂತು: ಅವಳ ಮನೆ ಬಾತುಕೋಳಿಯಿಂದ ಹೊರಗೆ ಬಿದ್ದಿದೆ. ಪಕ್ಕದ ಕ್ಷೇತ್ರದಲ್ಲಿ ಅವಳಿಗೆ ಓಟಿತ್ತು, ಆದರೆ ಅಲ್ಲಿ ಸೋಲಿಸಲು ಡೆಲ್ಮರ್ ಇರಲಿಲ್ಲ.

ಮರುದಿನವೇ ಅವಳು ಕೌಂಟಿಯ ಚುನಾವಣಾ ಕಚೇರಿಗೆ ಹೋಗಿ ಕೂತಳು. ಅಲ್ಲಿದ್ದ ಹುಡುಗಿ ಭೂಪಟ ಹರಡಿದಳು. ಹೊಸ ಗೆರೆ ನಾತದ ಹಳ್ಳವೆಂಬ ತೊರೆಯ ಗುಂಟ ಹೋಗಿತ್ತು. ಆರ್ಫಾಳ ತಂದೆಯ ಕಾಲದಲ್ಲೇ ಆ ಹಳ್ಳವನ್ನು ಪೈಪಿನೊಳಗೆ ತುರುಕಿ ಮಣ್ಣು ಮುಚ್ಚಿದ್ದರು, ತಂದೆ ಬೀದಿಯ ಕಡೆಗೆ ಅದರ ಆಚೆಯವರೆಗೂ ಅಡುಗೆಮನೆ ಚಾಚಿ ಕಟ್ಟಿದ್ದ. ರಾಜಧಾನಿಯವರ ಭೂಪಟದಲ್ಲಿ ಮಾತ್ರ ಹಳ್ಳ ಇನ್ನೂ ಜುಳುಜುಳು ಹರಿಯುತ್ತಿತ್ತು. ಹೀಗಾಗಿ ಗೆರೆ ಅವಳ ಮನೆಯೊಳಗೇ ನುಗ್ಗಿ, ಅಡುಗೆಮನೆಯನ್ನು ಬಾತುಕೋಳಿಗೂ ಉಳಿದ ಮನೆಯನ್ನು ಪಕ್ಕದ ಕ್ಷೇತ್ರಕ್ಕೂ ಹಂಚಿತ್ತು.

“ನೀವು ಮಲಗೋದು ಎಲ್ಲಮ್ಮಾ?” ಹುಡುಗಿ ಕೇಳಿದಳು.

“ಗಂಡ ಸತ್ತೋಳನ್ನ ಕೇಳೋ ಪ್ರಶ್ನೆನೇನೇ ಇದು?”

“ಹಾಗಲ್ಲಮ್ಮಾ. ಮನೆ ಮಧ್ಯೆ ಗೆರೆ ಬಂದ್ರೆ, ಮಲಗೋ ಜಾಗ ಯಾವ ಕಡೆ ಇದ್ಯೋ ಆ ಕಡೆ ಓಟು.”

“ಅಂದ್ರೆ ಅಡುಗೆ ಮಾಡೋದು ಒಂದ್ ಕ್ಷೇತ್ರ, ಗೊರಕೆ ಹೊಡೆಯೋದು ಇನ್ನೊಂದು?”

“ಗೊರಕೆ ಕಡೆ ಓಟಮ್ಮಾ.”

ಆರ್ಫಾ ಸ್ವಲ್ಪ ಯೋಚಿಸಿ ಕೇಳಿದಳು, “ಮಂಚ ಅಡುಗೆಮನೆಗೆ ಹಾಕ್ಕೊಂಡ್ರೆ?”

“ನಿಜವಾಗ್ಲೂ ಅಲ್ಲೇ ಮಲಗ್ಬೇಕು.”

“ಮಲಗ್ತೀನಿ. ಹೌದೂ, ನನ್ನ ತಮ್ಮನ ಮನೆ ಎಲ್ಲಿ ಬರುತ್ತೆ? ನಮ್ಮನೆ ಹಿಂದಿನದೇ.”

ಹುಡುಗಿ ಬೆರಳಿಟ್ಟು ನೋಡಿ, ಇನ್ನೊಮ್ಮೆ ನೋಡಿ, ದನಿ ತಗ್ಗಿಸಿದಳು. “ಅವರ ಮನೆ ಪೂರ್ತಿ ಗೆರೆಯಿಂದಾಚೆ ಇದೆ. ಬಾತುಕೋಳಿಯಿಂದ ನಿಲ್ಲೋಕೆ ಅಡ್ಡಿಯಿಲ್ಲ, ರಾಜ್ಯದಲ್ಲಿದ್ರೆ ಸಾಕು. ಆದ್ರೆ ಅಲ್ಲಿ ಅವರಿಗೆ ಓಟಿಲ್ಲ.”

ಮನೆ ಸೇರುವವರೆಗೂ ಆರ್ಫಾ ಒಬ್ಬಳೇ ನಕ್ಕಳು. ತಮ್ಮನಿಗೆ ಹೇಳಬೇಕಿತ್ತು, ಹೇಳಲಿಲ್ಲ. ನೆರೆಮನೆಯ ಲೂಡಿಗೆ ಮಾತ್ರ ಹೇಳಿದಳು, ಎಂದರೆ ಊರಿಗೆಲ್ಲ ಹೇಳಿದಂತಾಯಿತು. ಊರವರೂ ಡೆಲ್ಮರನಿಗೆ ತಿಳಿಸಲಿಲ್ಲ. ಅವನಿಗೆ ಒಂದು ಮಾತು ಹೇಳಬೇಕಾದರೆ ಮೊದಲು ಅವನ ನೂರು ಮಾತು ಕೇಳಬೇಕಿತ್ತು. ಯಾವ ಕ್ಷೇತ್ರದಲ್ಲಿ ಓಟೆಂದು ತಿಳಿಸಿ ಕಚೇರಿಯಿಂದ ಬಂದ ಕಾರ್ಡನ್ನು ಅವನೇ ಓದಿಕೊಳ್ಳಬಹುದಿತ್ತು. ಓದುವುದು ಏನೂ ಗೊತ್ತಿಲ್ಲದವರ ಕೆಲಸ ಎಂದು ಅವನು ಅದನ್ನು ಕುಂಟುತ್ತಿದ್ದ ಮೇಜಿನ ಕಾಲಡಿಗೆ ಇಟ್ಟಿದ್ದ.

ಆರ್ಫಾಳ ತಾಯಿಯ ಕಾಲದ ಓಕ್ ಮಂಚವನ್ನು ಅಗ್ನಿಶಾಮಕ ದಳದ ಗಟ್ಟಿಗರು ಬಿಚ್ಚಿ ತಂದು ಒಲೆಗೂ ಫ್ರಿಜ್ಜಿಗೂ ನಡುವೆ ಜೋಡಿಸಿದರು. ಫ್ರಿಜ್ಜಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ದಪ್ಪ ಕುಂಬಳಕಾಯಿ ತರುವುದನ್ನು ಆರ್ಫಾ ಬಿಟ್ಟಳು. ದಿಂಬಿಗೆ ಈರುಳ್ಳಿಯ ವಾಸನೆ ಹತ್ತಿತು. ಕಾಫಿಗೆ ಬಂದವರು ಮಂಚದ ಮೇಲೆ ಸಾಲಾಗಿ ಕೂರುತ್ತಿದ್ದರು. ಮತಗಟ್ಟೆಯ ಮುಖ್ಯಸ್ಥೆಯೂ ಆಗಿದ್ದ ಲೂಡಿ ಬಂದು, ಹಾಸಿಗೆ ಒತ್ತಿ ನೋಡಿ, “ಮಲಗಿದ ಕಡೆಯಿಂದಲೇ ಮೊಟ್ಟೆ ಮಗುಚಬಹುದಲ್ಲೇ! ನೀನೇ ಪುಣ್ಯವಂತೆ,” ಎಂದಳು.

ಡೆಲ್ಮರನೂ ನೋಡಲು ಬಂದ. ಬಾಗಿಲಲ್ಲೇ ನಿಂತು ಟೋಪಿ ತೆಗೆದ.

“ಇದೆಲ್ಲಾ ನನ್ನ ವಿರುದ್ಧ ಓಟ್ ಹಾಕೋಕಾ ಅಕ್ಕಾ?”

“ಮತ್ತಿನ್ನೇನು, ಫ್ರಿಜ್ ಮೇಲೆ ಪ್ರೀತಿ ಉಕ್ಕಿ ಬಂತು ಅನ್ಕೊಂಡ್ಯಾ?”

ಅವನು ಮಂಚವನ್ನು ತಲೆಯಿಂದ ಕಾಲಿನವರೆಗೆ ನೋಡಿದ. “ನನ್ನ ಪರವಾಗಿ ಯಾರೂ ಇಷ್ಟು ಕಷ್ಟ ಪಟ್ಟಿಲ್ಲ,” ಎಂದು ಹೇಳಿ ಹೋದ.

ಆ ಮಾತು ಆರ್ಫಾಳಿಗೆ ಹಿಡಿಸಲಿಲ್ಲ. ಪಾತ್ರೆಗಳನ್ನು ಬೇಕೆಂದೇ ಸದ್ದುಮಾಡಿ ತೊಳೆದಳು.

ನವೆಂಬರಿನ ಮಂಗಳವಾರ ಬಂತು. ಗೆರೆ ಊರನ್ನೇ ಸೀಳಿದ್ದರಿಂದ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಎರಡು ಮೇಜು ಹಾಕಿದ್ದರು, ಒಂದೊಂದು ಕ್ಷೇತ್ರಕ್ಕೆ ಒಂದೊಂದು. ಸಭಾಂಗಣದ ಅಡುಗೆಮನೆಯಲ್ಲಿ ಆರ್ಫಾಳ ಸೂಪ್ ಕುದಿಯುತ್ತಿತ್ತು. ಡೆಲ್ಮರ್ ತಂದೆಯ ಹಳೆಯ ಸೂಟು ತೊಟ್ಟು ಬಂದ. ತೋಳು ಗಿಡ್ಡವಾಗಿ ಮಣಿಕಟ್ಟು ಕಾಣುತ್ತಿತ್ತು. ಮತದಾರರ ಪಟ್ಟಿಯಲ್ಲಿ ಅವನ ಹೆಸರಿದ್ದ ಮೇಜಿನವರು ನಗು ತಡೆಯಲು ಕೆಮ್ಮುತ್ತಾ ಮತಪತ್ರ ಕೊಟ್ಟರು. ಇಡೀ ಸಭಾಂಗಣ ಉಸಿರು ಬಿಗಿಹಿಡಿದು ನೋಡಿತು. ಅವನು ಮರೆಯ ಹಿಂದೆ ಹೋದ. ಕಾಗದ ತಿರುವಿದ ಸದ್ದು, ಮತ್ತೆ ತಿರುವಿದ ಸದ್ದು.

“ಮೋಸ!” ಡೆಲ್ಮರ್ ಹೊರಗೆ ಹಾರಿ ಬಂದ. “ನನ್ನ ಹೆಸರು ಬಿಟ್ಟೋಗಿದೆ! ಇದ್ಯಾರೋ ಬೇರೆಯವರೇ ನಿಂತಿದ್ದಾರೆ!”

“ನಿನ್ನ ಹೆಸರು ಇರಬೇಕಾದ ಕಡೆ ಇದೆ ಕಣಪ್ಪಾ,” ಎಂದಳು ಲೂಡಿ. “ಆ ಮೇಜಿನ ಮತಪತ್ರದಲ್ಲಿ. ನಿನ್ನ ಮನೆ ಗೆರೆಯಿಂದಾಚೆ. ಜನ ನಿನ್ನ ಆರಿಸ್ಬಹುದು, ನೀನು ನಿನ್ನ ಆರಿಸ್ಕೊಳ್ಳೋ ಹಾಗಿಲ್ಲ.”

“ಈ ಕ್ಷೇತ್ರದ ಒಂದೊಂದು ತಿರುವೂ ನನಗೆ ಗೊತ್ತು!”

“ತಿರುವೆಲ್ಲಾ ಗೊತ್ತು, ಮನೆ ಒಂದು ಗೊತ್ತಿಲ್ಲ,” ಎಂದು ಯಾರೋ ಹಿಂದಿನಿಂದ ಕೂಗಿದರು. ನಗೆಗೆ ಸೂರು ಹಾರಿತು.

ಈ ನಗೆಗಾಗಿಯೇ ಆರ್ಫಾ ಇಷ್ಟು ದಿನ ಕಾದಿದ್ದಳು. ಸೌಟು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿ, ಚೆನ್ನಾಗಿ ನಗಬೇಕೆಂದೇ ಬಾಗಿಲಿಗೆ ಬಂದಳು. ಡೆಲ್ಮರ್ ಮತಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. “ಹಾಗಾದ್ರೆ ನನಗೆ ನಾನೂ ಇಲ್ಲ,” ಎಂದ, ಯಾರಿಗೂ ಹೇಳಿದ್ದಲ್ಲ ಎಂಬಂತೆ. ಅವನು ಅಷ್ಟು ಚಿಕ್ಕ ಮಾತಾಡಿದ್ದನ್ನು ಊರವರು ಕೇಳಿದ್ದು ಅದೇ ಮೊದಲು. ಆರ್ಫಾಳಿಗೆ ನಗು ಬರಲಿಲ್ಲ. ನಾಚಿಕೆಯಾಯಿತು. ನಗುತ್ತಿದ್ದವರ ಮೇಲೆಲ್ಲ ಸಿಟ್ಟು ಬಂತು.

“ಹಲ್ಲು ಕಿಸಿದದ್ದು ಸಾಕು, ಸೂಪ್ ಆರ್ತಿದೆ!” ಎಂದು ಗದರಿ, ತನ್ನ ಮೇಜಿಗೆ ಹೋಗಿ ಮತಪತ್ರ ಪಡೆದು ಮರೆಯ ಹಿಂದೆ ಹೋದಳು.

ತಮ್ಮನ ಹೆಸರು ತೀರಾ ಕೆಳಗಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಸ್ಟೋವರ್‌ಟೌನ್ ಒಮ್ಮೆ ಇಟ್ಟ ಅಡ್ಡಹೆಸರು ಗೋರಿಯವರೆಗೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಯೌವನದಲ್ಲಿ ಒಮ್ಮೆ ಕೆರೆಗೆ ಬಿದ್ದ ಮುದುಕನೊಬ್ಬನನ್ನು ಊರು ಇಂದಿಗೂ ‘ಒದ್ದೆ’ ಎಂದೇ ಕರೆಯುತ್ತಿತ್ತು. ಡೆಲ್ಮರನಿಗೆ ಊರಲ್ಲಿ ಒಂದೂ ಓಟು ಬೀಳದಿದ್ದರೆ ಅವನು ಸಾಯುವವರೆಗೂ ‘ಸೊನ್ನೆ’.

“ಒಳಗೇ ಮಲಗಿಬಿಟ್ಯೇನೇ?” ಲೂಡಿ ಹೊರಗಿನಿಂದ ಕೂಗಿದಳು. “ಅಲ್ಲೂ ಓಟು ಬದಲಾಗ್ಬಿಡುತ್ತೆ ನೋಡು!”

ಆರ್ಫಾ ಹಲ್ಲು ಕಚ್ಚಿ, ತಮ್ಮ ಹುಟ್ಟಿದಾಗಿನಿಂದ ಅವನನ್ನು ಬಯ್ಯಲು ಬಳಸಿದ ಬೈಗುಳಗಳನ್ನೆಲ್ಲ ಮನಸ್ಸಿನಲ್ಲೇ ಬಯ್ದು, ಅವನ ಹೆಸರಿನ ಎದುರಿಗೇ ಗುರುತು ಹಾಕಿದಳು. ಹೊರಗೆ ಬಂದು, “ಹಾಕಾಯ್ತು. ಹೇಳಿದ ಹಾಗೇ ಮಾಡಿದ್ದೀನಿ,” ಎಂದು ಎಲ್ಲರಿಗೂ ಕೇಳುವಂತೆ ಸುಳ್ಳು ಹೇಳಿದಳು.

ಮತದಾನ ಮುಗಿದು ಎಣಿಕೆಯಾದ ಮೇಲೆ ಲೂಡಿ ಕುರ್ಚಿಯ ಮೇಲೆ ನಿಂತು ಓದಿದಳು. ದೊಡ್ಡ ಪಕ್ಷದವರಿಗೆ ನೂರಾರು ಬಿದ್ದಿದ್ದವು, ಅವುಗಳಿಗೆ ಯಾರೂ ಕಿವಿಗೊಡಲಿಲ್ಲ.

“ಡೆಲ್ಮರ್ ಸ್ಟಾಂಬೋ,” ಎಂದು ಲೂಡಿ ಕನ್ನಡಕ ಸರಿಮಾಡಿಕೊಂಡಳು. “ಒಂದು.”

ಎಲ್ಲರೂ ಪಕ್ಕದವರ ಮುಖ ನೋಡಿದರು.

“ಒಂದು!” ಡೆಲ್ಮರ್ ಎದ್ದುನಿಂತ. ಅವನ ಮುಖ ಅರಳಿತು. “ನಂದಂತೂ ಅಲ್ಲ! ನನಗಿಲ್ಲಿ ಓಟೇ ಇಲ್ಲ! ಅಂದ್ರೆ ಬೇರೆ ಯಾರೋ ನಿಜವಾಗ್ಲೂ ಹಾಕಿದ್ದಾರೆ!”

ಯಾರೆಂದು ಗೊತ್ತಿಲ್ಲವಾದ್ದರಿಂದ ಅವನು ಎಲ್ಲರ ಕೈಯನ್ನೂ ಕುಲುಕುತ್ತಾ ಹೊರಟ. “ನಾನಲ್ಲಪ್ಪಾ,” “ದೇವರಾಣೆಗೂ ನಾನಲ್ಲ,” ಎಂದು ಒಬ್ಬೊಬ್ಬರೂ ಕೈ ಬಿಡಿಸಿಕೊಂಡರು. ಪಾದ್ರಿಗಳು ಆಣೆ ಹಾಕದಿದ್ದರೂ ತಲೆ ಅಲ್ಲಾಡಿಸಿದರು. ಕೊನೆಗೆ ಅವನು ಆರ್ಫಾಳ ಎದುರಿಗೆ ಬಂದು ನಿಂತ.

“ನಿನ್ನ ಕೈ ಬೇಡ ಬಿಡಕ್ಕಾ. ನೀನು ಯಾರಿಗೆ ಹಾಕಿಲ್ಲ ಅಂತ ಊರಿಗೇ ಗೊತ್ತು.”

“ಗೊತ್ತಿದ್ಮೇಲೆ ಯಾಕೆ ಬಂದೆ?”

“ಸುಮ್ನೆ ಹೇಳೋಣ ಅಂತ. ಯಾರೋ ಒಬ್ಬ ಇದ್ದಾನೆ ಕಣಕ್ಕಾ. ನಾನು ಹೇಳಿದ್ದೆಲ್ಲಾ ಕೇಳಿಸ್ಕೊಂಡಿದ್ದಾನೆ, ಅರ್ಥ ಮಾಡ್ಕೊಂಡಿದ್ದಾನೆ, ಕೂತು ಯೋಚ್ನೆ ಮಾಡಿದ್ದಾನೆ. ಈ ಊರಲ್ಲಿ ಬುದ್ಧಿ ಅಂತ ಇದ್ರೆ ಅವನೊಬ್ಬನಿಗೇ.”

ಹುಟ್ಟಿದಾಗಿನಿಂದ ಈ ತಮ್ಮನ ಬಾಯಲ್ಲಿ ಅವಳ ಬಗ್ಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಈಗ ಇಷ್ಟು ಬಂತು, ಒಂದನ್ನೂ ಅವಳು ತನ್ನದೆಂದು ಎತ್ತಿಕೊಳ್ಳುವಂತಿರಲಿಲ್ಲ.

“ಇರಬಹುದು,” ಎಂದಳು.

“ಅಂಥವನಿಗೆ ಕೈಕೊಡೋಕಾಗುತ್ತಾ? ಅವನಿಗೋಸ್ಕರನಾದ್ರೂ ಎರಡು ವರ್ಷ ಕಳೆದ ಮೇಲೆ ಮತ್ತೆ ನಿಲ್ತೀನಿ!”

ಸಭಾಂಗಣದ ತುಂಬ ನರಳಾಟ ಎದ್ದಿತು. ಮತ್ತೆ ಆ ಟ್ರಕ್ಕು, ಮತ್ತೆ ಆ ಭಾಷಣ, ಮತ್ತೆ ಮನೆ ಬಾಗಿಲಿಗೆ ಸಹಿ! “ಯಾವ ಮುಠ್ಠಾಳ ಹಾಕಿದ್ನೋ ಆ ಒಂದನ್ನ?” ಎಂದು ಲೂಡಿ ತಲೆಯ ಮೇಲೆ ಕೈಹೊತ್ತು ಕೂತಳು. ಪಾದ್ರಿಗಳೂ ಏನೋ ಗೊಣಗಿದರು, ಅದು ಪ್ರಾರ್ಥನೆಯಾಗಿರಲಿಲ್ಲ.

“ಕೈಗೆ ಸಿಗ್ಲಿ, ಚರ್ಮ ಸುಲೀತೀನಿ ಅವನದ್ದು,” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ಆರ್ಫಾ.