ಉಪವಾಸ ಬಿದ್ದ ಲ್ಯಾಪ್‌ಟಾಪ್

ದಸರೆಯ ಬನ್ನಿ ಹಂಚುವ ಸಂಜೆ. ಹಿರೋಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾವು ನಾಲ್ವರಿದ್ದೆವು. ಗೋಡೆಗೆ ಬೆನ್ನು ಕೊಟ್ಟು ಕೂತವಳು ಆಯಿ, ನಮ್ಮಪ್ಪನ ತಾಯಿ. ಟ್ರ್ಯಾಕ್ಟರಿನ ಕೊರಳಿನಿಂದ ಚೆಂಡುಹೂವಿನ ಮಾಲೆ ತೆಗೆದು ಆಗಷ್ಟೇ ಒಳಗೆ ಬಂದವನು ಕಾಕಾ, ಅಪ್ಪನ ತಮ್ಮ. ಅಫಜಲಪುರದ ಶಾಲೆಯೊಂದರಲ್ಲಿ ಪಾಠ ಹೇಳುವ ನನ್ನ ತಂಗಿ ಚಾಪೆಯ ಮೇಲಿದ್ದಳು. ನಾನು ಹೋಳಿಗೆಯ ಭಾರಕ್ಕೆ ಅರ್ಧ ಮಲಗಿದ್ದೆ. ನಮ್ಮ ನಡುವೆ, ಮನೆಗೆ ಬಂದ ಬೀಗರ ಹಾಗೆ, ತಂಗಿಯ ಲ್ಯಾಪ್‌ಟಾಪ್ ಮೈಮೇಲೆ ಮೂರೆಳೆ ವಿಭೂತಿ ಹಚ್ಚಿಕೊಂಡು ಕೂತಿತ್ತು.

ಮಹಾನವಮಿಗೆ ನಮ್ಮಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಕುಡಗೋಲು, ಸಲಿಕೆ, ಕೂರಿಗೆ, ಹೊಲಿಗೆ ಮಶಿನ್ನು ಎಲ್ಲವನ್ನೂ ಒರೆಸಿ ಸಾಲಾಗಿ ಇಡುತ್ತೇವೆ. ಇಟ್ಟ ಮೇಲೆ ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಯಾವುದನ್ನೂ ಮುಟ್ಟುವ ಹಾಗಿಲ್ಲ. ಅವಕ್ಕೂ ಒಂದು ದಿನ ಸುಖ ಬೇಕು ಅನ್ನುತ್ತಾಳೆ ಆಯಿ. ಆ ವರ್ಷ ಮೊದಲ ಸಲ ಲ್ಯಾಪ್‌ಟಾಪೂ ಸಾಲಿಗೆ ಸೇರಿತ್ತು. 'ಇದೂ ದುಡೀತದಲ್ಲ, ತಂದಿಡವ್ವಾ' ಎಂದು ಆಯಿಯೇ ಕರೆದು ಇಡಿಸಿದ್ದಳು.

ಬನ್ನಿ ಮುಗಿಸಿ ಬಂದು ತಂಗಿ ಅದನ್ನು ತೆರೆದರೆ ಪರದೆ ಕಪ್ಪಗಿತ್ತು. ಮುಚ್ಚಿಟ್ಟಿದ್ದಳೇ ಹೊರತು ಬಂದ್ ಮಾಡಿರಲಿಲ್ಲ, ಬ್ಯಾಟರಿ ಒಳಗೊಳಗೇ ಕರಗಿಹೋಗಿತ್ತು. ಅದೇನು ಮಹಾ ಎಂದು ಚಾರ್ಜರ್ ಚುಚ್ಚಿದಳು. ದೀಪ ಹತ್ತಲಿಲ್ಲ. ತೆಗೆದು ಮತ್ತೆ ಚುಚ್ಚಿದಳು. ಆಗಲೂ ಇಲ್ಲ. ಅವಳ ಮುಖ ಸಣ್ಣದಾಯಿತು.

ಸಣ್ಣದಾಗಲು ಕಾರಣವಿತ್ತು. ಮರುದಿನ ಬೆಳಿಗ್ಗೆ ಅವಳು ಜೇವರ್ಗಿಯ ಕಾಲೇಜೊಂದರಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಅವರಿಗೆ ಒಪ್ಪಿಗೆಯಾದರೆ ಕೆಲಸ. ಪಾಠ ತೊಗರಿ ಬೇರಿನ ಗಂಟುಗಳ ಬಗ್ಗೆ. ಕಾಕಾನ ಹೊಲದಲ್ಲಿ ಮೊಣಕಾಲೂರಿ ಗಿಡ ಕಿತ್ತು, ಬೇರು ತೊಳೆದು, ತಾನೇ ತೆಗೆದ ಚಿತ್ರಗಳಿದ್ದವು. ಫೋನಿನಲ್ಲಿ ಜಾಗವಿಲ್ಲವೆಂದು ಅಲ್ಲಿಂದ ಅಳಿಸಿದ್ದಳು. ಈಗ ಎಲ್ಲವೂ ಆ ಕಪ್ಪು ಡಬ್ಬಿಯ ಹೊಟ್ಟೆಯಲ್ಲಿ. ಆಳಂದದ ರಿಪೇರಿಯವನಿಗೆ ಫೋನ್ ಮಾಡಿದರೆ, ಅಂಗಡಿಗೆ ಬೀಗ ಹಾಕಿ ಹೆಂಡತಿಯ ತವರಿಗೆ ಹೋಗಿದ್ದ ಅವನು, 'ಹಬ್ಬ ಮುಗಿಸ್ಕೊಂಡು ಬರ್ತೇನ್ರಿ, ನಾಡಿದ್ದ ತರ್ರಿ' ಅಂದ.

ಕಾಕಾ ಅಂಗಿಯ ತೋಳು ಮೇಲೇರಿಸಿದ. 'ಮೊದಲ ಕರೆಂಟ್ ಅದನೋ ಇಲ್ಲೋ ನೋಡಬೇಕು' ಎಂದು ಅದೇ ಪ್ಲಗ್ಗಿಗೆ ಮಿಕ್ಸರ್ ಚುಚ್ಚಿದ. ಅದು ಗರ್ರೆಂದು ಅರಚಿ, ತಳದಲ್ಲಿದ್ದ ಶೇಂಗಾ ಪುಡಿಯನ್ನು ಅವನ ಮೀಸೆಗೆ ಹಾರಿಸಿತು.

'ಕರೆಂಟ್ ಅದ' ಅಂದ, ಮೀಸೆ ಒರೆಸಿಕೊಳ್ಳುತ್ತ. 'ನನ್ನ ಬೋರಿನ ಮೋಟರ್ ಹಿಂಗ ಹಟ ಮಾಡಿದ್ರ ಸ್ಟಾರ್ಟರ್ ಡಬ್ಬಿಗಿ ಎರಡು ಬಿಗೀತೇನಿ. ತಾ ಇಲ್ಲಿ.'

'ಕಾಕಾ, ನಿಮ್ಮ ಕಾಲು ಬೀಳ್ತೇನಿ, ಅದಕ್ಕ ಕೈ ಹಚ್ಚಬ್ಯಾಡ್ರಿ!'

ಎರಡು ಮನೆ ಆಚೆಯವರ ಸೊಸೆಯ ಹತ್ತಿರ ಇಂಥದೇ ಚಾರ್ಜರ್ ಇತ್ತು. ಹೋಗಿ ಬನ್ನಿ ಕೊಟ್ಟು ಅದನ್ನು ಇಸಿದುಕೊಂಡು ಬಂದೆ. ಅದಕ್ಕೂ ದೀಪ ಹತ್ತಲಿಲ್ಲ. ಅಲ್ಲಿಗೆ ಪ್ಲಗ್ಗೂ ಸರಿ, ಚಾರ್ಜರೂ ಸರಿ. ಕೆಟ್ಟಿದ್ದು ಲ್ಯಾಪ್‌ಟಾಪೇ ಎಂದಾಯಿತು. ಬಟನ್ನನ್ನು ಬಹಳ ಹೊತ್ತು ಒತ್ತಿ ಹಿಡಿಯಬೇಕೆಂದು ಎಲ್ಲೋ ಕೇಳಿದ್ದೆ. ಹೆಬ್ಬೆರಳು ಬೆಳ್ಳಗಾಗುವವರೆಗೆ ಹಿಡಿದೆ.

'ಏನಲೇ, ಜೀವ ಅದನೋ ಇಲ್ಲೋ ಅಂತ ನಾಡಿ ನೋಡಾಕತ್ತೀಯೇನು?' ಅಂದ ಕಾಕಾ. ಆಮೇಲೆ ಬಗ್ಗಿ, 'ಅರೆ, ಇದಕ್ಕ ಇರವಿ ಹತ್ಯಾವಲ್ಲ! ಕಂಪನಿಯವರು ಒಳಗ ಸಕ್ಕರಿ ತುಂಬಿ ಕಳಿಸ್ಯಾರೇನು?'

ನಿಜವೇ. ಒಂದು ಸಾಲು ಇರುವೆ ಲ್ಯಾಪ್‌ಟಾಪಿನ ಬದಿಗೆ ನೆಟ್ಟಗೆ ಹೊರಟಿತ್ತು.

ಅಷ್ಟು ಹೊತ್ತು ಎಲೆ ಅಡಿಕೆ ಮೆಲ್ಲುತ್ತಿದ್ದ ಆಯಿಗೆ ನಮ್ಮ ಗದ್ದಲ ಸಾಕಾಯಿತು. 'ಏನು ಒಂದೇ ಸವನ ಅದರ ಮ್ಯಾಲ ಬಿದ್ದೀರಿ? ಹಸಿವಿಲ್ಲ ಅದಕ್ಕ. ನಿನ್ನಿ ನಾನೇ ಹೋಳಿಗಿ ಉಣಿಸೇನಿ.'

ನಾವು ಮೂವರೂ ಅವಳ ಕಡೆ ತಿರುಗಿದೆವು.

'ಎಲ್ಲಿ ಉಣಿಸಿದಿ ಆಯೀ?' ತಂಗಿ ಮೆಲ್ಲಗೆ ಕೇಳಿದಳು.

'ಎಲ್ಲಿ ಅಂದ್ರ? ಬಾಯಾಗ! ಇದು ಎಲ್ಲಿಂದ ಉಣ್ತದ ಅಂತ ನಾ ಕೇಳಿದ್ದಿಲ್ಲೇನು? ನೀನೇ ಬಟ್ಟು ಮಾಡಿ ತೋರಿಸಿದೆಲ್ಲಬೇ, ಈ ತೂತಿನಿಂದ ಅಂತ.'

ಆಯಿಯ ಪೂಜೆಯ ರೀತಿಯೇ ಹಾಗೆ. ನೈವೇದ್ಯವನ್ನು ಎದುರಿಗೆ ಇಟ್ಟು ಕೈಮುಗಿದರೆ ಅವಳಿಗೆ ಸಮಾಧಾನವಿಲ್ಲ. ಕುಡಗೋಲಿಗೆ ಅಲಗಿನಲ್ಲಿ, ಕೂರಿಗೆಗೆ ಬಟ್ಟಲಿನಲ್ಲಿ, ಟ್ರ್ಯಾಕ್ಟರಿಗೆ ಡೀಸೆಲ್ ಟ್ಯಾಂಕಿನ ಮುಚ್ಚಳದ ಮೇಲೆ, ಯಾವುದರ ಬಾಯಿ ಎಲ್ಲಿದೆಯೋ ಅಲ್ಲಿಗೇ ಒಂದು ತುತ್ತು ಮುಟ್ಟಿಸಬೇಕು. ಕುಡಗೋಲಿಗೆ ಅದರಿಂದ ತೊಂದರೆಯಾದದ್ದಿಲ್ಲ.

ಫೋನಿನ ಬೆಳಕು ಬಿಟ್ಟು ನೋಡಿದೆವು. ಪಿನ್ನಿನ ತೂತಿನ ತುಂಬ ಕಡಲೆಬೇಳೆಯ ಹೂರಣ, ಮೇಲೊಂದಿಷ್ಟು ವಿಭೂತಿ, ಎರಡೂ ಒಣಗಿ ಗಟ್ಟಿಯಾಗಿದ್ದವು. ಕಾಕಾನ ಭುಜ ನಗುವಿಗೆ ಕುಣಿಯತೊಡಗಿತು. ಅವನು ಬಾಯಿ ತೆರೆಯುವಷ್ಟರಲ್ಲಿ ತಂಗಿ ಅವನ ಮೊಣಕೈ ಹಿಡಿದು, 'ಆಯಿಗಿ ಏನೂ ಅನಬ್ಯಾಡ್ರಿ, ಹಬ್ಬದ ದಿನ ಮನಸಿಗಿ ಹಚ್ಕೋತಾಳ' ಎಂದು ಪಿಸುಗುಟ್ಟಿದಳು. ನಾಳೆಯ ಚಿಂತೆ ಅವಳದೇ ಆಗಿದ್ದರೂ ಈ ಮಾತು ಮೊದಲು ಅವಳಿಂದಲೇ ಬಂತು.

ಚಾರ್ಜರ್ ಕಿತ್ತಿಟ್ಟು, ಜೋಳದ ದಂಟಿನ ತೆಳ್ಳನೆಯ ಸಿಬಿರಿಗೆ ಆಯಿಯ ಬತ್ತಿಯ ಹತ್ತಿ ಸುತ್ತಿ, ತಂಗಿ ಹೂರಣವನ್ನು ಚೂರುಚೂರಾಗಿ ಕೆದಕಿ ತೆಗೆದಳು. ನಾನು ಬೆಳಕು ಹಿಡಿದೆ. ಕಾಕಾ ಉಸಿರು ಹಿಡಿದ.

'ಏನು ಮಾಡಾಕತ್ತೀಬೇ ಅದಕ್ಕ?' ಅಂದಳು ಆಯಿ.

'ಬಾಯಿ ತೊಳಸಾಕತ್ತೇನಿ ಆಯೀ. ಉಂಡ ಮ್ಯಾಲ ತೊಳೀಬೇಕಲ್ಲ?'

'ಹೌದು ಮತ್ತ. ಶಾಣೇಕಿ ಇದ್ದಿ' ಎಂದು ಆಯಿ ತಲೆಯಾಡಿಸಿದಳು.

ಈ ಸಲ ಪಿನ್ನು ಟಕ್ಕೆಂದು ಒಳಗೆ ಕೂತಿತು. ಸಣ್ಣ ಕಿತ್ತಳೆ ದೀಪ ಹತ್ತಿತು. ಕಾಕಾ ಹೊಡೆದ ಚಪ್ಪಾಳೆಗೆ ಕಟ್ಟೆಯ ಮೇಲಿನ ಬೆಕ್ಕು ಓಡಿಹೋಯಿತು. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿ, ಮಣ್ಣು ತೊಳೆದ ಬೇರು ದೊಡ್ಡದಾಗಿ ಕಂಡಿತು.

ಆಯಿ ಕಣ್ಣು ಕಿರಿದು ಮಾಡಿ, 'ನಮ್ಮ ತೊಗರಿ ಅಲ್ಲೇನು ಅದು? ಬೇರಿಗಿ ಗಂಟ್ಯಾಕ ಬಿದ್ದಾವ, ರೋಗೇನು?' ಅಂದಳು.

'ರೋಗ ಅಲ್ಲ ಆಯೀ. ಆ ಗಂಟಿನ್ಯಾಗ ಸಣ್ಣ ಸಣ್ಣ ಜೀವ ಇರ್ತಾವ. ಗಾಳ್ಯಾಗಿನ ಸಾರ ಹಿಡಿದು ಗಿಡಕ್ಕ ಉಣಸ್ತಾವ.'

'ನೋಡು ಮತ್ತ' ಎಂದಳು ಆಯಿ, ನಮ್ಮೆಲ್ಲರನ್ನೂ ದಿಟ್ಟಿಸಿ. 'ಎಲ್ಲಾರಿಗೂ ಯಾರರೆ ಉಣಸ್ಬೇಕಾಗ್ತದ.'

ಮರುದಿನ ಜೇವರ್ಗಿಯಲ್ಲಿ ತಂಗಿ ಪಾಠವನ್ನು ಆಯಿಯ 'ರೋಗೇನು?' ಎಂಬ ಪ್ರಶ್ನೆಯಿಂದಲೇ ಶುರುಮಾಡಿದಳಂತೆ. ಕೆಲಸ ಸಿಕ್ಕಿತು.

ಮುಂದಿನ ಮಹಾನವಮಿಗೆ ಅದೇ ಲ್ಯಾಪ್‌ಟಾಪ್ ಹಿಡಿದು ಬಂದಳು. ಸಾಲಿನಲ್ಲಿ ಇಡುವ ಮೊದಲು ಅದನ್ನು ಪೂರ್ತಿ ಬಂದ್ ಮಾಡಿ, ತೂತಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿದಳು. ಆಯಿ ವಿಭೂತಿ ಹಚ್ಚಿ, ಹೋಳಿಗೆಯ ಚೂರನ್ನು ಸರಿಯಾಗಿ ಅಲ್ಲಿಗೇ ಒತ್ತಿದಳು. ಮರುದಿನ ಬನ್ನಿ ಮುಗಿದ ಮೇಲೆ ತಂಗಿ ಟೇಪನ್ನು ಕಿತ್ತು, ಹೋಳಿಗೆ ಅಂಟಿದ್ದ ಬದಿಯನ್ನು ಮೇಲೆ ಮಾಡಿ, ಅಂಗಳದ ಮೂಲೆಯಲ್ಲಿ ಇರುವೆಗಳಿಗೆ ಇಟ್ಟುಬಂದಳು.